ಈಗ ನಿಮ್ಮದು, ಕೋಚ್

"ನಿಲ್ಲಿ! ಇನ್ನೊಂದು ಹೆಜ್ಜೆ ಮುಂದಿಟ್ರೆ ಚೆನ್ನಾಗಿರಲ್ಲ!"

ಮಾರಿಟ್ ಸೋಲ್ಬರ್ಗ್ ಗೇಟಿಗೆ ಅಡ್ಡಲಾಗಿ ಎರಡೂ ಕೈ ಚಾಚಿ ನಿಂತಳು. ಅವಳ ಬೆನ್ನ ಹಿಂದೆ ಪಿಯಾನೋ ಇಳಿಜಾರು. ಕರಿ ಬಂಡೆ, ಬಿಳಿ ಹಿಮ, ಮತ್ತೆ ಕರಿ ಬಂಡೆ... ಪಿಯಾನೋ ಕೀಲಿಗಳ ಹಾಗೆ ಕಾಣುತ್ತೆ ಅಂತಲೇ ಹೆರನ್ ಕ್ರೀಕ್ ಊರಿನವರು ಆ ಹೆಸರಿಟ್ಟಿದ್ದು. ಎದುರಿಗೆ ಬಾಡಿಗೆ ಸ್ಕೀ ಕಟ್ಟಿಕೊಂಡು, ಚಳಿಗೆ ಮೂಗು ಕೆಂಪಾದ ಒಬ್ಬ ಎತ್ತರದ ಗಂಡಸು.

"ದಾರಿ ಬಿಡಿ," ಅಂದ ಅವನು.

"ಎದೆಗೆ ಬೀಕನ್ ಕಟ್ಟಿದೀರಾ?"

"ಇಲ್ಲ."

"ಹಾಗಾದ್ರೆ ದಾರಿನೂ ಇಲ್ಲ. ಹಿಮ ಕುಸಿದು ಮೇಲೆ ಬಿದ್ರೆ ನೀವು ಎಲ್ಲಿದೀರಾ ಅಂತ ಕೂಗಿ ಹೇಳೋದು ಅದೊಂದೇ. ಬೀಪ್ ಇಲ್ಲದವರು ಈ ಗೇಟ್ ದಾಟಲ್ಲ. ಗವರ್ನರ್ ಬಂದ್ರೂ ಅಷ್ಟೇ!"

ಗೇಟಿನ ಪಕ್ಕ ಸಾಲಾಗಿ ನಿಂತಿದ್ದ ಮಕ್ಕಳು ಕಿಸಕ್ಕೆಂದು ನಕ್ಕರು. ಎಲ್ಲರಿಗೂ ನೀಲಿ ಜಾಕೆಟ್, ಎಲ್ಲರ ಬೆನ್ನ ಮೇಲೂ ಬಿಳಿ ಅಕ್ಷರಗಳಲ್ಲಿ ಒಂದೇ ಹೆಸರು: ರಾಸ್ಕ್ ಹಾರ್ಡ್‌ವೇರ್.

ಅವನು ಆ ಅಕ್ಷರಗಳನ್ನು ಸ್ವಲ್ಪ ಹೊತ್ತು ನೋಡಿದ.

"ನಿಮ್ಮೆಲ್ಲರ ಬೆನ್ನ ಮೇಲಿರೋ ಹೆಸರು ನಂದು," ಅಂದ ಮೆಲ್ಲಗೆ. "ನಾನು ಟೋಬಿಯಸ್ ರಾಸ್ಕ್."

ಮಾರಿಟ್ ಅವನ ಮುಖವನ್ನು ಮತ್ತೆ ನೋಡಿದಳು.

ಅಯ್ಯೋ ದೇವರೇ... ಇವನಾ?

ಈ ಮಕ್ಕಳ ಸ್ಕೀ ತಂಡವನ್ನು ಇಷ್ಟು ವರ್ಷ ಸಾಕಿದ್ದು ಮುದುಕ ರಾಸ್ಕ್. ಹಗ್ಗ ಕಟ್ಟದ, ಯಂತ್ರ ಸವರದ ಕಾಡುಹಿಮದಲ್ಲಿ ತಮ್ಮ ದಾರಿ ತಾವೇ ಆರಿಸಿಕೊಂಡು ಇಳಿಯುವ ಫ್ರೀರೈಡ್ ಆಟ ಅದು. ಮಾರಿಟ್ ಮಕ್ಕಳಿಂದ ಕಾಸು ಕೇಳುತ್ತಿರಲಿಲ್ಲ. ವಿಮೆಯಿಂದ ಹಿಡಿದು ಜಾಕೆಟ್‌ವರೆಗೆ ಎಲ್ಲವೂ ರಾಸ್ಕ್ ಅಂಗಡಿಯ ಖರ್ಚು. ಆ ಮುದುಕ ಶರತ್ಕಾಲದಲ್ಲಿ ತೀರಿಕೊಂಡಿದ್ದ. ಮಿನಿಯಾಪೊಲಿಸ್‌ನಿಂದ ಮಗ ಬರುತ್ತಾನೆ, ಏನು ಮಾಡುತ್ತಾನೋ ಅಂತ ಊರಿಗೆ ಊರೇ ಕಾಯುತ್ತಿತ್ತು.

"ಈಗಲಾದ್ರೂ ದಾರಿ ಬಿಡ್ತೀರಾ?"

ಅವನ ಕಣ್ಣು ಅವಳ ಭುಜದಾಚೆ ಇಳಿಜಾರಿನ ಮೇಲೆ ನೆಟ್ಟಿತ್ತು. ಅವನು ಯಾಕೆ ಬಂದಿದ್ದಾನೆ ಅಂತ ಮಾರಿಟ್‌ಗೆ ಆಗ ಹೊಳೆಯಿತು. ಅವನ ಅಣ್ಣ ನಿಲ್ಸ್, ಹದಿನೇಳರ ಹುಡುಗ, ಎಷ್ಟೋ ವರ್ಷದ ಹಿಂದೆ ಈ ಗೇಟಿನ ಪಕ್ಕದ ಗಡಿಹಗ್ಗದ ಕೆಳಗೆ ನುಸುಳಿ ಹೋದವನು. ಎದೆಗೆ ಬೀಕನ್ ಇರಲಿಲ್ಲ. ವಸಂತದಲ್ಲಿ ಹಿಮ ಕರಗಿದ ಮೇಲೆ ಸಿಕ್ಕಿದ.

ಅವಳ ಕಣ್ಣು ಮೆತ್ತಗಾಯಿತು. ಕೈ ಮಾತ್ರ ಇಳಿಯಲಿಲ್ಲ.

"ಕ್ಷಮಿಸಿ ಮಿಸ್ಟರ್ ರಾಸ್ಕ್. ನಿಮ್ಮನ್ನಂತೂ ಖಂಡಿತ ಬಿಡಲ್ಲ."

ಅವನು ತಿರುಗಿ, ತಡವರಿಸುತ್ತಾ ಸ್ಕೀ ಲಿಫ್ಟಿನ ಕಡೆ ಹೋದ.

"ಕೋಚ್..." ಸಾಲಿನ ಕೊನೆಯಲ್ಲಿದ್ದ ಜೂನಿ ನಿಟ್ಟುಸಿರುಬಿಟ್ಟಳು. ತಂಡದಲ್ಲೆಲ್ಲ ಅತಿ ಚೂಟಿ ಹುಡುಗಿ, ಬಾಯಿ ಇನ್ನೂ ಚೂಟಿ. "ಅನ್ನ ಹಾಕೋ ಕೈಗೇ ಬಾಗಿಲು ಹಾಕಿದ್ರಲ್ಲ! ಶಭಾಷ್!"

"ಬಾಯಿ ಮುಚ್ಚು. ಬೀಕನ್ ಚೆಕ್, ನಡಿ."

ಪ್ರೀತಿ ಹುಟ್ಟುವ ಲಕ್ಷಣ ಇದಲ್ಲ ಅಂತ ನಿಮಗೆ ಅನ್ನಿಸಬಹುದು. ಅವತ್ತು ಅವರಿಬ್ಬರಿಗೂ ಹಾಗೇ ಅನ್ನಿಸಿತ್ತು.

* * *

ಮಾರನೆಯ ದಿನ ಅವಳು ಅಭಿಮಾನ ಎಲ್ಲಾ ಮನೆಯಲ್ಲಿಟ್ಟು ಅಂಗಡಿಗೆ ಹೋದಳು. ಟೋಬಿಯಸ್ ಅಪ್ಪನ ಏಪ್ರನ್ ಕಟ್ಟಿಕೊಂಡು ಮೊಳೆ ತೂಗುತ್ತಿದ್ದ.

"ಏನು ಬೇಕು ಮಿಸ್ ಸೋಲ್ಬರ್ಗ್? ಮೊಳೆಯಾ, ಹಗ್ಗನಾ?"

"ನಿಮ್ಮ ಹೆಸರು ಬೇಕು."

ಹೇಳಿದ ಮೇಲೆ ಅದು ಹೇಗೆ ಕೇಳಿಸಿತು ಅಂತ ಗೊತ್ತಾಗಿ ಕಿವಿಯವರೆಗೂ ಕೆಂಪಾದಳು.

"ಅಂದ್ರೆ... ಜಾಕೆಟ್ ಮೇಲೆ! ಮುಂದಿನ ವರ್ಷಕ್ಕೂ. ನಿಮ್ಮ ಅಂಗಡಿ ಕೈ ಬಿಟ್ರೆ ವಿಮೆ ಇಲ್ಲ. ವಿಮೆ ಇಲ್ಲದಿದ್ರೆ ಮಕ್ಕಳಿಗೆ ಆ ಗೇಟ್ ತೆಗೆಯಲ್ಲ. ತಂಡ ಮುಚ್ಚಬೇಕು."

"ಮುಚ್ಚಿ," ಅಂದ ಅವನು, ತಕ್ಕಡಿಯಿಂದ ಕಣ್ಣೆತ್ತದೆ. "ಆ ದಿನ ಅಪ್ಪ ನಿಲ್ಸ್ ಜೊತೆ ಜಗಳ ಆಡಿ ಮನೆಯಿಂದ ಆಚೆ ಹೋಗು ಅಂದಿದ್ದ. ಆಮೇಲೆ ಬದುಕಿದ್ದಷ್ಟು ದಿನ ಜಾಕೆಟ್ ಹಂಚಿ ಆ ಮಾತು ತೊಳ್ಕೊಂಡ. ಅದು ಅವನ ಕರ್ಮ, ಅವನ ಜೊತೆ ಹೋಯ್ತು. ಊರ ಮಕ್ಕಳನ್ನ ಬಂಡೆ ಮೇಲಿಂದ ಹಾರಿಸೋಕೆ ನಾನ್ಯಾಕೆ ದುಡ್ಡು ಕೊಡಲಿ?"

"ನಾವು ಕಲಿಸೋದು ಬಿಟ್ರೆ ಅವರು ಹೋಗೋದು ಬಿಡ್ತಾರಾ?" ಮಾರಿಟ್ ತಕ್ಕಡಿಯ ಹತ್ತಿರಕ್ಕೆ ಬಂದಳು. "ಈ ಊರಲ್ಲಿ ಹುಟ್ಟಿದವರು ನೀವು, ಎದೆ ಮುಟ್ಟಿ ಹೇಳಿ! ಹೋಗ್ತಾರೆ. ಹಗ್ಗದ ಕೆಳಗೆ ನುಸುಳಿ ಹೋಗ್ತಾರೆ. ಬೀಪ್ ಇಲ್ಲದೆ ಹೋಗ್ತಾರೆ. ನಿಮ್ಮ ಅಣ್ಣ ಹೋದ ಹಾಗೆ..."

ಅವನ ಕೈಯಿಂದ ಮೊಳೆಗಳು ಚೆಲ್ಲಿದವು.

ಛೇ! ಎಂಥ ಮಾತಾಡಿಬಿಟ್ಟೆ!

"ಒಂದು ಸಲ ಬಂದು ನೋಡಿ," ಅವಳು ಗೋಗರೆದಳು. "ಒಂದೇ ಸಲ. ಆಮೇಲೆ ಬೇಡ ಅಂದ್ರೆ ನಾನು ಮತ್ತೆ ಈ ಮೆಟ್ಟಿಲು ಹತ್ತಲ್ಲ."

ಅವನು ಬಗ್ಗಿ ಮೊಳೆ ಹೆಕ್ಕತೊಡಗಿದ. ಅವಳೂ ಬಗ್ಗಿ ಹೆಕ್ಕಿದಳು. ಕೊನೆಯ ಮೊಳೆ ಡಬ್ಬಿಗೆ ಬಿತ್ತು.

"ಶನಿವಾರ ಬರ್ತೀನಿ," ಅಂದ ಅವನು.

* * *

ಶನಿವಾರ ಮಾರಿಟ್ ಅವನನ್ನು ಬೆಟ್ಟಕ್ಕೆ ಕರೆದೊಯ್ಯಲಿಲ್ಲ. ಶಾಲೆಯ ಹಿಂದಿನ ಬಯಲಿನಲ್ಲಿ, ಹಿಮದೊಳಗೆ ದಾಲ್ಚಿನ್ನಿ ಬನ್ನಿನ ಡಬ್ಬಿ ಹೂತಿಟ್ಟಿದ್ದಳು. ಜೊತೆಗೊಂದು ಬೀಕನ್.

"ಬೀಕನ್ ಒಂದೋ ಕೂಗುತ್ತೆ, ಇಲ್ಲಾ ಕೇಳುತ್ತೆ," ಜೂನಿ ಅವನಿಗೆ ಪಾಠ ಹೇಳಿದಳು, ಸೊಂಟದ ಮೇಲೆ ಕೈಯಿಟ್ಟುಕೊಂಡು. "ಎರಡೂ ಒಟ್ಟಿಗೆ ಮಾಡಲ್ಲ. ಇಳಿಯುವಾಗ ಕೂಗೋದಕ್ಕೆ ಇಡಬೇಕು. ಹುಡುಕುವಾಗ ಕೇಳೋದಕ್ಕೆ. ಗೇಟಲ್ಲಿ ಕೋಚ್ ತಮ್ಮದನ್ನ ಕೇಳೋದಕ್ಕೆ ಇಟ್ಕೊಂಡು ನಮ್ಮೆಲ್ಲರ ಬೀಪ್ ಚೆಕ್ ಮಾಡ್ತಾರೆ. ಕೊನೆಯವಳು ನಾನು. ನಾನು ದಾಟಿ ತಿರುಗಿ, 'ಈಗ ನಿಮ್ಮದು, ಕೋಚ್' ಅಂತೀನಿ. ಆಗ ಅವರು ವಾಪಸ್ ಕೂಗೋದಕ್ಕೆ ತಿರುಗಿಸ್ತಾರೆ, ನಾನು ಚೆಕ್ ಮಾಡ್ತೀನಿ. ಅದಾಗದೆ ಯಾರೂ ಕದಲೋ ಹಾಗಿಲ್ಲ. ತಲೆಗೆ ಹೋಯ್ತಾ?"

"ಹೋಯ್ತು ಮೇಡಂ," ಅಂದ ಟೋಬಿಯಸ್.

ಮಕ್ಕಳು ಒಬ್ಬೊಬ್ಬರಾಗಿ ಹುಡುಕಿ ತೆಗೆದರು, ಕೂಗಾಡಿದರು, ಬನ್ನು ತಿಂದರು. ಕೊನೆಗೆ ಅವನ ಸರದಿ. ಬೀಪ್... ಬೀಪ್... ಹತ್ತಿರ ಹೋದಂತೆ ಸದ್ದು ಬಿರುಸಾಯಿತು. ಮಂಡಿಯೂರಿದ. ಸಲಿಕೆ ಮರೆತು ಬರಿಗೈಯಲ್ಲೇ ಅಗೆದ. ಡಬ್ಬಿ ಸಿಕ್ಕಿತು.

ಅದನ್ನು ಎದೆಗೆ ಅವಚಿಕೊಂಡು ಅವನು ಅಲ್ಲೇ ಹಿಮದಲ್ಲಿ ಕೂತುಬಿಟ್ಟ.

"ಇಷ್ಟೇನಾ?" ಅಂದ. "ಇಷ್ಟು ಸಾಕಿತ್ತಾ ನಿಲ್ಸ್‌ಗೆ?... ನಾವು ಕೋಲು ಹಿಡ್ಕೊಂಡು ಚುಚ್ಚಿ ಚುಚ್ಚಿ ಹುಡುಕಿದ್ವಿ ಮಾರಿಟ್. ನಾನು ಇನ್ನೂ ಚಿಕ್ಕವನು. ನನ್ನ ಕಾಲ ಕೆಳಗೇ ಇದ್ನೋ ಏನೋ..."

ಮಾರಿಟ್ ಅವನ ಪಕ್ಕ ಕೂತಳು. ಅವನ ಕೆಂಪಾದ ಕೈಗಳಿಗೆ ತನ್ನ ಕೈಗವಸು ತೊಡಿಸಿದಳು.

ಆ ಶನಿವಾರದಿಂದ ಅವನು ತಪ್ಪಿಸಲಿಲ್ಲ. ಮಕ್ಕಳಿಗೆಲ್ಲ ಹೊಸ ಬೀಕನ್ ತರಿಸಿಕೊಟ್ಟ. ತಾನೂ ಕಲಿತ. ಬೀಳುತ್ತಾ ಏಳುತ್ತಾ, ಜೂನಿಯಿಂದ ಬೈಸಿಕೊಳ್ಳುತ್ತಾ ಇಳಿಜಾರು ಇಳಿದ. ಸಂಜೆ ಡಾಟಿ ಆಂಟಿಯ ಹೋಟೆಲಿನಲ್ಲಿ ಅವನಿಗೂ ಮಾರಿಟ್‌ಗೂ ಕಿಟಕಿ ಪಕ್ಕದ ಮೇಜು ಕಾದಿರುತ್ತಿತ್ತು. ಯಾರೂ ಹೇಳದಿದ್ದರೂ ಡಾಟಿ ಒಂದೇ ಹಣ್ಣಿನ ಪೈ, ಎರಡು ಚಮಚ ತಂದಿಡುತ್ತಿದ್ದಳು.

ಆದರೆ ಮುಂದಿನ ವರ್ಷದ ಮಾತು ಮಾತ್ರ ಅವನು ಎತ್ತಲಿಲ್ಲ. ಕೇಳಲು ಮಾರಿಟ್‌ಗೂ ಬಾಯಿ ಬರಲಿಲ್ಲ.

ಕೇಳಿದ್ರೆ ದುಡ್ಡಿಗೋಸ್ಕರ ಹತ್ತಿರ ಬಂದೆ ಅಂದ್ಕೊಂಡ್ರೆ?... ಬೇಡ. ಇವತ್ತು ಬೇಡ.

ಹೀಗೆ ದಿನ ತಳ್ಳಿದಳು. ಪ್ರೀತಿಸುವವರು ಮಾಡುವ ಮೊದಲ ದಡ್ಡತನ ಅದು.

* * *

"ನಿನ್ನ ರಾಸ್ಕ್ ಮಾರ್ತಿದಾನಂತೆ!"

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಡಾಟಿ ಕಾಫಿ ಸುರಿಯುತ್ತಾ ಸುದ್ದಿಯನ್ನೂ ಸುರಿದಳು. "ಕೊಳ್ಳೋರು ಸಿಕ್ಕಿದ್ರಂತೆ, ಸಹಿನೂ ಆಯ್ತಂತೆ. ಬ್ಯಾಂಕಲ್ಲಿ ಕೆಲಸ ಮಾಡೋ ನನ್ನ ಸೊಸೆ ಕಣ್ಣಾರೆ ನೋಡಿದ್ಲು. ಇನ್ನೇನು, ಗಂಟುಮೂಟೆ ಕಟ್ಟೋದೊಂದೇ ಬಾಕಿ."

ಕಾಫಿ ಲೋಟ ಮಾರಿಟ್‌ಳ ಕೈಯಲ್ಲೇ ಉಳಿಯಿತು.

ಮಾರಿದ... ನನಗೊಂದು ಮಾತೂ ಹೇಳದೆ!

ಅಂಗಡಿ ಹೋದರೆ ತಂಡ ಹೋಯಿತು. ಮಕ್ಕಳು ಹಗ್ಗದ ಕೆಳಗೆ ನುಸುಳುತ್ತಾರೆ. ಅದೆಲ್ಲ ಅವಳಿಗೆ ಗೊತ್ತು. ಆದರೆ ನಿಜ ಹೇಳಬೇಕೆಂದರೆ, ಆ ಗಳಿಗೆಯಲ್ಲಿ ಅವಳ ಕಣ್ಣ ಮುಂದೆ ಬಂದದ್ದು ಕಿಟಕಿ ಪಕ್ಕದ ಖಾಲಿ ಮೇಜು. ಅದಕ್ಕಾಗಿ ಅವಳಿಗೆ ತನ್ನ ಮೇಲೆಯೇ ನಾಚಿಕೆಯಾಯಿತು.

ಆ ಸಂಜೆಯೇ ಅವನು ಅವಳ ಮನೆ ಬಾಗಿಲಿಗೆ ಬಂದ. ಕೈಯಲ್ಲೊಂದು ಚಿಕ್ಕ ಪೆಟ್ಟಿಗೆ, ಮುಖದಲ್ಲಿ ಹುಡುಗನ ಹಾಗೆ ನಗು.

"ತೆಗೀರಿ."

ಒಳಗಿದ್ದದ್ದು ಹೊಸ ಬೀಕನ್.

"ಎಲ್ಲರಿಗೂ ಹೊಸದು, ನೀವು ಮಾತ್ರ ನಮ್ಮಪ್ಪ ಕೊಟ್ಟ ಆ ಅಂಟುಪಟ್ಟಿ ಸುತ್ತಿದ ಹಳೇದನ್ನೇ ಕಟ್ಕೊಂಡು ಓಡಾಡ್ತೀರಿ. ಅದನ್ನ ಕೇಳೋದಕ್ಕಿಟ್ಟು ಮರೆತ್ರೆ ಹಾಗೇ ಇರುತ್ತೆ. ಇದು ಹಾಗಲ್ಲ, ಸ್ವಲ್ಪ ಹೊತ್ತು ಅಲ್ಲಾಡದೆ ಇದ್ರೆ ತಾನಾಗೇ ಕೂಗೋದಕ್ಕೆ ತಿರುಗುತ್ತೆ. ಮತ್ತೆ... ನಿಮ್ಮ ಹತ್ರ ಒಂದು ಮಾತು..."

"ಬೀಳ್ಕೊಡುಗೆನಾ ಇದು?"

ಅವನ ನಗು ಮಾಯವಾಯಿತು. "ಏನು?"

"ಸಹಿ ಹಾಕಿದ್ರಂತಲ್ಲ. ಮಾರಿದ್ರಂತಲ್ಲ. ಸುಳ್ಳಾ?"

"ಸಹಿ ಹಾಕಿದ್ದು ನಿಜ, ಆದ್ರೆ ಕೇಳಿ..."

"ಸಾಕು!" ಅವಳು ಪೆಟ್ಟಿಗೆಯನ್ನು ಅವನ ಎದೆಗೇ ಒತ್ತಿದಳು. "ಹೋಗೋರು ಹೋಗಿ. ಇಂಥ ಉಡುಗೊರೆ ಕೊಟ್ಟು ನನ್ನ ಬಾಯಿ ಮುಚ್ಚಬೇಡಿ. ನಿಮ್ಮಪ್ಪ ಕೊಟ್ಟಿದ್ದೇ ಸಾಕು ನನಗೆ. ಅವರಾದ್ರೂ ಮಾತಿಗೆ ನಿಂತವರು!"

ಬಾಗಿಲು ದಢಾರನೆ ಮುಚ್ಚಿತು. ಆಚೆ ಅವನು ತುಂಬಾ ಹೊತ್ತು ನಿಂತಿದ್ದ. ಈಚೆ ಅವಳು ಬಾಗಿಲಿಗೆ ಒರಗಿ, ಬಾಯಿಗೆ ಕೈಯೊತ್ತಿ ಅತ್ತಳು. ನಡುವೆ ಒಂದು ಹಲಗೆ ಅಷ್ಟೇ ಇತ್ತು.

* * *

ಬೆಳಿಗ್ಗೆ ಗೇಟಿನಲ್ಲಿ ಗಾಳಿ ಚುರುಚುರು ಅನ್ನುತ್ತಿತ್ತು. ಹೊಸ ಹಿಮ ಬಿದ್ದಿತ್ತು. ಬೆಟ್ಟ ಕಾಯುವ ಗಸ್ತಿನವ ಹ್ಯಾಂಕ್ ಇಳಿಜಾರು ಪರೀಕ್ಷಿಸಿ ಗೇಟ್ ತೆಗೆದಿದ್ದ. ಮಾರಿಟ್ ತನ್ನ ಹಳೆಯ ಬೀಕನ್ ಅನ್ನು ಕೇಳೋದಕ್ಕೆ ತಿರುಗಿಸಿ, ಊದಿದ ಕಣ್ಣು ಮಕ್ಕಳಿಗೆ ಕಾಣದಂತೆ ಸ್ಕೀ ಕನ್ನಡಕವನ್ನು ಕಣ್ಣಿಗೆ ಎಳೆದುಕೊಂಡು ನಿಂತಳು. ಮಕ್ಕಳು ಒಬ್ಬೊಬ್ಬರಾಗಿ ದಾಟಿ, ಬಂಡೆಯ ಮರೆಯಲ್ಲಿ ಗುಂಪಾಗಿ ನಿಂತರು. ಬೀಪ್. ಬೀಪ್. ಬೀಪ್.

"ಮಾರಿಟ್!"

ಅವನೇ. ಓಡಿ ಬಂದವನ ಹಾಗೆ ಏದುಸಿರು.

"ಈಗ ಬೇಡ. ನಾನು ಕೆಲಸದಲ್ಲಿದೀನಿ."

"ಎರಡೇ ಮಾತು! ನೀವು ಅಂದ್ಕೊಂಡ ಹಾಗಲ್ಲ ಅದು..."

"ಮಕ್ಕಳ ಮುಂದೆ ಬೇಡ ಅಂದೆ!"

"ನಿನ್ನೆ ಬಾಗಿಲು ಹಾಕಿದ್ರಿ, ಇವತ್ತು ಮಕ್ಕಳ ಅಡ್ಡ ಇಟ್ಕೊಂಡ್ರಿ. ಅಷ್ಟೊಂದು ಹೆದರಿಕೆನಾ ನನ್ನ ಮಾತು ಕೇಳೋಕೆ?"

"ಹೆದರಿಕೆ? ನನಗೆ?"

ಜೂನಿ ದಾಟಿದಳು. ಬೀಪ್. ತಿರುಗಿದಳು. "ಈಗ ನಿಮ್ಮ..."

"ಹೋಗು ಜೂನಿ, ಹೋಗಿ ನಿಂತ್ಕೋ!" ಮಾರಿಟ್ ಕೈ ಬೀಸಿದಳು. ಕನ್ನಡಕದೊಳಗೆ ಕಣ್ಣೀರು ತುಂಬಿ ಎದುರಿಗೇನೂ ಕಾಣುತ್ತಿರಲಿಲ್ಲ. ಇಲ್ಲಿಂದ ಹೊರಟರೆ ಸಾಕು... ಇವನ ದನಿ ಕೇಳದ ಕಡೆಗೆ. ಪ್ರತಿಸಲದ ಹಾಗೆ ಮೊದಲು ತಾನೇ ಇಳಿಯಬೇಕು. ಸ್ಕೀ ತಿರುಗಿಸಿ ಜಾರಿದಳು.

ಎಷ್ಟೋ ವರ್ಷದಿಂದ ಆ ಗೇಟಿನಲ್ಲಿ ಒಂದು ಸಲವೂ ತಪ್ಪದ ಮಾತು, ಅವತ್ತು ಅರ್ಧಕ್ಕೆ ನಿಂತಿತು.

ಎರಡನೇ ತಿರುವಿನಲ್ಲಿ ಕಾಲ ಕೆಳಗೆ 'ಧಪ್' ಎಂಬ ಸದ್ದು. ಭಾರದ ಬಾಗಿಲು ಮುಚ್ಚಿದ ಹಾಗೆ. ಹಿಮ ಬಿರುಕು ಬಿಟ್ಟಿತು.

"ಮಾರಿಟ್!!"

ಆಮೇಲೆ ಇಡೀ ಪಿಯಾನೋ ಅವಳ ಮೇಲೆ ಬಿತ್ತು.

* * *

ಕತ್ತಲು.

ಕೈಯೊಂದು ಮುಖದ ಮುಂದೆ ಸಿಕ್ಕಿಕೊಂಡಿತ್ತು. ಮಕ್ಕಳಿಗೆ ಅವಳೇ ಹೇಳಿಕೊಟ್ಟದ್ದು: ಉರುಳುವಾಗ ಮೂಗಿಗೊಂದು ಗೂಡು ಮಾಡ್ಕೊಳ್ಳಿ. ಆ ಗೂಡಿನಷ್ಟೇ ಅವಳ ಪ್ರಪಂಚ. ಮಿಕ್ಕದ್ದೆಲ್ಲ ಕಲ್ಲಾಗಿತ್ತು. ಬೆರಳೊಂದೂ ಅಲ್ಲಾಡಲಿಲ್ಲ.

ಹೆದರಬೇಡ... ಮೆಲ್ಲಗೆ ಉಸಿರಾಡು. ಬೀಕನ್ ಇದೆ. ಈಗ ಬರ್ತಾರೆ. ಈಗ ಬರ್...

ಆಗ ನೆನಪಾಯಿತು.

ತಿರುಗಿಸಲಿಲ್ಲ!

ಎದೆಗೆ ಕಟ್ಟಿದ ಆ ಹಳೆಯ ಯಂತ್ರ ಕಿವಿ ತೆರೆದು ಕೂತಿತ್ತು. ಕೂಗುತ್ತಿರಲಿಲ್ಲ. ಅದನ್ನು ತಿರುಗಿಸಬೇಕಾದ ಕೈ ಅಲ್ಲೇ ಇತ್ತು, ಗೇಣಿನಷ್ಟು ದೂರದಲ್ಲಿ. ಇಳಿಸಲಾಗಲಿಲ್ಲ. ಅವಳು ಚೀರಿದಳು. ಚೀರಿದ್ದು ಬಾಯಿಯ ಹಿಮದಲ್ಲೇ ಹೂತುಹೋಯಿತು.

ಮೇಲೆ ಸದ್ದು. ಸ್ಕೀಗಳ ಕರಕರ. ಹ್ಯಾಂಕ್ ರೇಡಿಯೋದಲ್ಲಿ ಕೂಗುತ್ತಿದ್ದ. ಒಳಗಿದ್ದವರಿಗೆ ಹೊರಗಿನದು ಕೇಳುತ್ತದೆ, ಹೊರಗಿದ್ದವರಿಗೆ ಒಳಗಿನದು ಕೇಳುವುದಿಲ್ಲ. ಹಿಮದ ಕ್ರೌರ್ಯ ಅಂಥದ್ದು.

"ಎಲ್ಲರೂ ಕೇಳೋದಕ್ಕೆ ಹಾಕಿ! ಸಾಲಾಗಿ ಬನ್ನಿ!" ಜೂನಿಯ ದನಿ. ಎಷ್ಟು ಗಟ್ಟಿ ದನಿ! ಮಾರಿಟ್‌ಗೆ ಆ ಸಂಕಟದಲ್ಲೂ ಹೆಮ್ಮೆಯಾಯಿತು.

"ಬೀಪ್ ಬಂತಾ?"

"ಇಲ್ಲ!"

"ನಿಂಗೆ?"

"ಏನೂ ಬರ್ತಿಲ್ಲ!"

ಆಮೇಲೆ ಜೂನಿಯ ದನಿ ಮುರಿದು ಚೂರಾಯಿತು.

"ನಾನು ಚೆಕ್ ಮಾಡ್ಲಿಲ್ಲ... ಅವರದನ್ನ ನಾನು ಇವತ್ತು ಚೆಕ್ ಮಾಡ್ಲಿಲ್ಲ! ಇನ್ನೂ ಕೇಳೋದಕ್ಕೇ ಇದೆ! ಬೀಪ್ ಬರಲ್ಲ, ಬರೋದೇ ಇಲ್ಲ! ನನ್ನಿಂದ ಕೋಚ್..."

ಇಲ್ಲ ಕಂದ! ನಿನ್ನ ತಪ್ಪಲ್ಲ! ನನ್ನದು, ನನ್ನದು!

ಸಾಯುವುದಕ್ಕಿಂತ ಅದು ಹೆಚ್ಚು ನೋಯಿಸಿತು. ತಾನಿಲ್ಲೇ ಉಳಿದುಹೋದರೆ ಈ ಹುಡುಗಿ ಬದುಕಿಡೀ ಈ ಮಾತು ಹೊತ್ತು ತಿರುಗುತ್ತಾಳೆ. ಮುದುಕ ರಾಸ್ಕ್ ಹೊತ್ತ ಹಾಗೆ. ಟೋಬಿಯಸ್ ಹೊತ್ತ ಹಾಗೆ.

"ಜೂನಿ. ಇಲ್ಲಿ ನೋಡು." ಅವನ ದನಿ, ಅವಳ ತಲೆಯ ಮೇಲೇ ಎಲ್ಲೋ. "ಅಳೋದು ಆಮೇಲೆ. ಬೀಪ್ ಇಲ್ದಿದ್ರೆ ಏನು ಮಾಡಬೇಕು ಅಂತ ಕಲಿಸಿದಾರೆ?"

"ಕ...ಕಣ್ಣು. ಕೊನೇ ಸಲ ಕಂಡ ಜಾಗದಿಂದ ನೇರ ಕೆಳಕ್ಕೆ. ಹಿಮ ಗುಡ್ಡೆ ಬಿದ್ದ ಕಡೆ. ಅಲ್ಲಿ! ಆ ಮರದ ಹತ್ರ ಅವರ ಸ್ಕೀ ಕೋಲು! ಎಲ್ಲರೂ ಬ್ಯಾಗಿಂದ ಹಿಮ ಚುಚ್ಚೋ ಸರಳು ತೆಗೀರಿ! ಚುಚ್ಚಿ!"

ಸರಳು ಚುಚ್ಚುವ ಸದ್ದು. ಚಕ್. ಚಕ್. ದೂರ. ಇನ್ನೂ ದೂರ.

ಅವಳ ಉಸಿರು ಬಿಸಿಯಾಗಿ, ಭಾರವಾಗಿ ವಾಪಸ್ ಅವಳಿಗೇ ಬರುತ್ತಿತ್ತು. ನಿದ್ದೆ... ಎಷ್ಟು ಸುಖದ ನಿದ್ದೆ...

"ಮಾರಿಟ್!"

ಅವನು ಮಂಡಿಯೂರಿ ಹಿಮಕ್ಕೇ ಬಾಯಿಟ್ಟು ಕೂಗುತ್ತಿದ್ದ. ಚುಚ್ಚುತ್ತಾ ಕೂಗುತ್ತಿದ್ದ.

"ಕೇಳಿಸ್ತಿದೆಯಾ? ಕೇಳಿಸದಿದ್ರೂ ಕೇಳು! ಅಂಗಡಿ ಮಾರಿಲ್ಲ ನಾನು! ಮಾರಿದ್ದು ಮಿನಿಯಾಪೊಲಿಸ್ ಮನೆ! ಇಲ್ಲೇ ಇರೋಣ ಅಂತ... ನಿನ್ನ ಜೊತೆ ಇರೋಣ ಅಂತ! ನಿನ್ನೆ ಅದನ್ನೇ ಹೇಳೋಕೆ ಬಂದಿದ್ದೆ ಕಣೇ! ಪ್ರೀತಿಸ್ತೀನಿ ಮಾರಿಟ್... ಈ ಬೆಟ್ಟ ಒಬ್ಬನನ್ನ ತಿಂದಿದೆ, ಸಾಕು. ನಿನ್ನನ್ನ ಕೊಡಲ್ಲ! ದಯವಿಟ್ಟು... ಒಂದೇ ಒಂದು ಸಲ ಕೂಗು!"

ಕೂಗಿದಳು. ಇದ್ದ ಉಸಿರನ್ನೆಲ್ಲ ಕೂಡಿಸಿ ಕೂಗಿದಳು.

ಅವನಿಗೆ ಕೇಳಿಸಲಿಲ್ಲ.

ಜನ್ಮವೆಲ್ಲ ಯಾವ ಮಾತಿಗಾಗಿ ಕಾದಿದ್ದಳೋ ಅದು ಬಂದಿತ್ತು, ತೋಳಿನಳತೆಯಷ್ಟು ಹತ್ತಿರಕ್ಕೆ. ಉತ್ತರ ಕೊಡಲು ಬಾಯಿರಲಿಲ್ಲ. ಕಣ್ಣಿನಿಂದ ಜಾರಿದ ನೀರು ಕೆನ್ನೆಯ ಮೇಲೆ ಅಡ್ಡಡ್ಡ ಹರಿಯಿತು. ಹಾಗಾದರೆ ತಾನು ಪಕ್ಕಕ್ಕೆ ಮಲಗಿದ್ದೇನೆ, ಅಂದುಕೊಂಡಳು. ಮಕ್ಕಳಿಗೆ ಇದನ್ನೂ ಹೇಳಿಕೊಡಬೇಕಿತ್ತು...

ಚಕ್. ಹತ್ತಿರ.

ಚಕ್.

ಭುಜಕ್ಕೆ ಏನೋ ಕುಕ್ಕಿತು.

"ಇಲ್ಲಿ! ಮೆತ್ತಗಿದೆ! ಇಲ್ಲಿ!!"

ಸಲಿಕೆಗಳ ಆರ್ಭಟ. ಆಮೇಲೆ ಅವಳಿಗೆ ನೆನಪಿರುವುದು ಬೆಳಕು. ಬೆಳಕಿನ ನಡುವೆ, ಕೈಗವಸಿಲ್ಲದೆ ಅಗೆಯುತ್ತಿದ್ದ, ಉಗುರು ಕಿತ್ತು ರಕ್ತ ಸುರಿಯುತ್ತಿದ್ದ ಎರಡು ಕೈಗಳು.

* * *

ಮಾರನೆಯ ದಿನ ಸಂಜೆ ಆಸ್ಪತ್ರೆಯ ಕಿಟಕಿಯಲ್ಲಿ ಬಿಸಿಲಿತ್ತು. ಮಾರಿಟ್‌ಳ ಹೆಗಲ ಮೂಳೆ ಮುರಿದಿತ್ತು, ಪಕ್ಕೆಗಳು ನಜ್ಜಾಗಿದ್ದವು. ಅದಕ್ಕಿಂತ ಹೆಚ್ಚಾಗಿ ಮನಸ್ಸು ಜಜ್ಜಿಹೋಗಿತ್ತು.

ಮಧ್ಯಾಹ್ನ ಊರ ಸಭೆ ನಡೆದಿತ್ತು, ತಂಡ ಇರಬೇಕೋ ಮುಚ್ಚಬೇಕೋ ಅಂತ. ಟೋಬಿಯಸ್ ಅಲ್ಲಿಗೆ ಹೋಗಿದ್ದ. ಈಗ ಬಾಗಿಲಲ್ಲಿ ನಿಂತಿದ್ದ, ಹತ್ತೂ ಬೆರಳಿಗೆ ಪಟ್ಟಿ.

"ಮುಚ್ಚಿದ್ರು ಅಲ್ವಾ?" ಅವಳು ಗೋಡೆಗೆ ಮುಖ ತಿರುಗಿಸಿದಳು. "ಸರಿಯಾಗೇ ಮಾಡಿದ್ರು. ನಾನೇ ಕಲಿಸಿದ್ದನ್ನ ನಾನೇ ಮುರಿದೆ. ಇನ್ನು ಯಾವ ತಾಯಿ ನನ್ನನ್ನ ನಂಬಿ ಮಗು ಕಳಿಸ್ತಾಳೆ?"

"ಅರ್ಧ ಜನ ಮುಚ್ಚಿ ಅಂದ್ರು," ಅವನು ಮಂಚದ ಪಕ್ಕ ಕೂತ. "ನಾನು ಎದ್ದು ನಿಂತೆ. ನಮ್ಮಣ್ಣನ್ನ ದೊಡ್ಡವರೆಲ್ಲ ಸೇರಿ ಹುಡುಕಿದ್ರು, ಹಿಮ ಕರಗಿದ ಮೇಲೆ ತಂದ್ರು. ಮಾರಿಟ್‌ಳನ್ನ ಈ ಮಕ್ಕಳು ಹುಡುಕಿದ್ರು. ಬೀಪ್ ಇಲ್ಲದೆ ಹುಡುಕಿ ಜೀವಂತ ತಂದ್ರು. ನನ್ನ ದುಡ್ಡು ಅದಕ್ಕೆ. ಅಂಗಡಿ ಇರೋವರೆಗೂ ಅದಕ್ಕೆ, ಅಂದೆ."

"ಆಮೇಲೆ?"

"ಮೊದಲು ಕೈ ಎತ್ತಿದ್ದು ಜೂನಿಯ ಅಮ್ಮ. ಡಾಟಿ ಆಂಟಿ ಎರಡೂ ಕೈ ಎತ್ತಿದ್ಲು, ಒಂದು ಲೆಕ್ಕಕ್ಕಿಲ್ಲ ಅಂದ್ರೂ ಕೇಳಲಿಲ್ಲ. ಆ ಸುದ್ದಿ ಹಬ್ಬಿಸಿದ ಪಾಪಕ್ಕಂತೆ. ತಂಡ ಉಳೀತು."

ನಗಲು ಹೋಗಿ ಅವಳು ಪಕ್ಕೆ ಹಿಡಿದುಕೊಂಡಳು. ನಗು ಅಳುವಾಯಿತು.

"ಜೂನಿ ಎಲ್ಲಿ? ಅವಳನ್ನ ಕರೀರಿ. ಅವಳ ತಪ್ಪಲ್ಲ ಅಂತ ನಾನೇ ಹೇಳಬೇಕು. ಅವಳು ಅಳ್ತಾ ಇದ್ಲು..."

"ಹೊರಗೇ ಕೂತಿದಾಳೆ, ಬೆಳಿಗ್ಗೆಯಿಂದ..." ಅವನು ತಟ್ಟನೆ ತಲೆಯೆತ್ತಿದ. "ಅವಳು ಅತ್ತಿದ್ದು ನಿಮಗೆ ಹೇಗೆ ಗೊತ್ತು?"

ಮಾರಿಟ್ ಅವನನ್ನೇ ನೋಡಿದಳು.

ಅವನ ಮುಖ ನಿಧಾನವಾಗಿ ಕೆಂಪಾಯಿತು. "ಎಲ್ಲಾ... ಕೇಳಿಸ್ತಾ?"

"ಎಲ್ಲಾ. ಮಿನಿಯಾಪೊಲಿಸ್ ಮನೆವರೆಗೂ."

"ಮತ್ತೆ..."

"ಅದೂ."

ಅವನು ಪಟ್ಟಿ ಸುತ್ತಿದ ಕೈಗಳನ್ನೇ ನೋಡುತ್ತಾ ಕೂತ. "ಒಂದು ಸಲ ಕೂಗು ಅಂದೆ. ನೀನು ಕೂಗಲಿಲ್ಲ. ಆಗ ನನಗೆ ಎಲ್ಲ ಮುಗೀತು ಅನ್ನಿಸ್ತು ಮಾರಿಟ್."

"ಕೂಗಿದ್ದೆ."

"ಏನಂತ?"

"ನಾನೂ ನಿನ್ನನ್ನ ಪ್ರೀತಿಸ್ತೀನಿ ಅಂತ." ಅವಳು ಅವನ ಬೆರಳ ಪಟ್ಟಿಯ ಮೇಲೆ ತುಟಿಯಿಟ್ಟಳು. "ಬಾಯಿ ತುಂಬಾ ಹಿಮ ಇತ್ತು, ಏನು ಮಾಡ್ಲಿ!"

* * *

ಮುಂದಿನ ಚಳಿಗಾಲದ ಮೊದಲ ಶನಿವಾರ. ಗೇಟಿನಲ್ಲಿ ಅದೇ ಚುರುಚುರು ಗಾಳಿ. ನೀಲಿ ಜಾಕೆಟ್‌ಗಳ ಬೆನ್ನ ಮೇಲೆ ಅದೇ ಹೆಸರು. ಮಾರಿಟ್‌ಳ ಎದೆಗೆ ಹೊಸ ಬೀಕನ್.

ಅವಳಿಗೆ ಇಳಿಜಾರಿನ ಕಡೆ ನೋಡಲು ಇನ್ನೂ ಧೈರ್ಯ ಸಾಲದು. ಆದರೂ ಗೇಟಿನಲ್ಲಿ ನಿಂತಳು, ಮಕ್ಕಳು ಒಬ್ಬೊಬ್ಬರಾಗಿ ದಾಟಿದರು. ಬೀಪ್. ಬೀಪ್. ಟೋಬಿಯಸ್ ದಾಟಿದ. ಬೀಪ್. ಕೊನೆಗೆ ಜೂನಿ ದಾಟಿ, ತಿರುಗಿ, ದಾರಿಗೆ ಅಡ್ಡಲಾಗಿ ಎರಡೂ ಕೈ ಚಾಚಿ ನಿಂತಳು.

"ಈಗ ನಿಮ್ಮದು, ಕೋಚ್. ಇಲ್ಲಾಂದ್ರೆ ಗವರ್ನರ್ ಬಂದ್ರೂ ಬಿಡಲ್ಲ."

ಮಾರಿಟ್ ಗುಂಡಿ ತಿರುಗಿಸಿದಳು. ಜೂನಿಯ ಕೈಯಲ್ಲಿ ಬೀಪ್ ಎಂದಿತು. ಅವಳ ಹಿಂದೆ ನಿಂತ ಟೋಬಿಯಸ್ ಕಣ್ಣು ಮುಚ್ಚಿ ಆ ಸದ್ದನ್ನೇ ಆಲಿಸುತ್ತಿದ್ದ.

"ಕೇಳಿಸ್ತಾ?" ಅಂದಳು ಮಾರಿಟ್.

"ಕೇಳಿಸ್ತಿದೆ," ಅಂದ ಅವನು. "ನಡಿ, ಹಿಂದೆಯೇ ಬರ್ತೀನಿ."